“ಇಲ್ಲ ಸಿಸ್ಟರ್, ಅವಳು ಮುಟ್ಟೋದೇ ಇಲ್ಲ”

ಇವತ್ತು ತಲೆ ಕೆಟ್ಟಿದೆ. ಉದ್ದ ಬರೀತೀನಿ, ಪುರುಸೊತ್ತಿಲ್ಲದವರು ಮುಂದಕ್ಕೆ ಹೋಗಿ.

ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತೇ ಇದೆ. ಗರ್ಭಿಣಿಯರು ಡಾಕ್ಟರ್ ಹತ್ತಿರ ಹೋಗೋ ಮೊದಲು ಕೂರಿಸಿಕೊಂಡು ಹಿಸ್ಟರಿ ಬರೆದುಕೊಳ್ಳೋದು. ಕೊನೇ ಮುಟ್ಟಿನ ತಾರೀಖು, ಹಿಂದಿನ ಹೆರಿಗೆ, ಶುಗರ್, ಥೈರಾಯ್ಡ್, ನುಂಗುತ್ತಿರುವ ಮಾತ್ರೆ. ಕೊನೆಗೆ ಸಿಗರೇಟು, ಮದ್ಯ. ಅಲ್ಲೀವರೆಗೂ ಪಟಪಟ ಉತ್ತರ ಕೊಡುತ್ತಿದ್ದವರು ಆ ಸಾಲಿಗೆ ಬಂದ ಕೂಡಲೇ ಪಕ್ಕದವರ ಮುಖ ನೋಡುತ್ತಾರೆ.

ಇವತ್ತು ಬಂದ ಹುಡುಗಿಗೆ ಮೊದಲ ಬಸಿರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೀನಿ, ಪತ್ತೇದಾರಿಕೆ ಬೇಡ.) ನಾನು ಕೇಳಿದ್ದು ಅವಳನ್ನ. ಉತ್ತರ ಬಂದದ್ದು ಗಂಡನ ಬಾಯಿಂದ: “ಇಲ್ಲ ಸಿಸ್ಟರ್, ಅವಳು ಮುಟ್ಟೋದೇ ಇಲ್ಲ.” ಹಿಂದೆ ನಿಂತಿದ್ದ ಅತ್ತೆ, ಇಂಥದ್ದೆಲ್ಲ ಕೇಳ್ತಾರಾ ಅನ್ನೋ ಹಾಗೆ ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಹುಡುಗಿ ಮಾತ್ರ ಬ್ಯಾಗಿನ ಜಿಪ್ ಎಳೆಯೋದು, ಹಾಕೋದು, ಮತ್ತೆ ಎಳೆಯೋದು. ನಾನು “ಇಲ್ಲ” ಅಂತ ಬರೆದೆ.

ಸ್ವಲ್ಪ ಹೊತ್ತಿಗೆ ಒಬ್ಬಳೇ ವಾಪಸ್ ಬಂದಳು. ಯೂರಿನ್ ಬಾಟಲಿ ತಗೊಳ್ಳೋದು ಮರೆತೆ ಅಂತ ನೆಪ. ಬಾಗಿಲು ಮುಚ್ಚಿದ್ದೇ ತಡ, ಅಳು. “ಸಿಸ್ಟರ್, ನನಗೆ ಗೊತ್ತೇ ಇರಲಿಲ್ಲ. ಫ್ರೆಂಡ್ ಪಾರ್ಟಿಯಲ್ಲಿ ಎರಡು ಗ್ಲಾಸ್ ವೈನ್ ಕುಡಿದಿದ್ದೆ. ಮಗುವಿಗೆ ಏನಾದ್ರೂ ಆಗಿರುತ್ತಾ? ತೆಗೆಸಿಬಿಡಬೇಕಾ?”

ಬಯಸಿ ಪಡೆದ ಬಸಿರು. ಎರಡು ಗ್ಲಾಸ್ ವೈನಿಗೆ ತೆಗೆಸಿಬಿಡಬೇಕಾ ಅಂತ ಕೇಳುವ ಮಟ್ಟಕ್ಕೆ ಒಬ್ಬ ಓದಿದ ಹುಡುಗಿಯನ್ನ ಹೆದರಿಸಿಟ್ಟವರು ಯಾರು? ನನ್ನ ಸಿಟ್ಟೆಲ್ಲ ಅವರ ಮೇಲೆ.

ಮೊದಲು ಅವಳಿಗೆ ಏನು ಹೇಳಿದೆ ಅಂತ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನ ಓದುತ್ತಿರುವವರಲ್ಲೂ ಯಾರೋ ಒಬ್ಬರು ಇದೇ ಪ್ರಶ್ನೆ ನುಂಗಿಕೊಂಡು ಕೂತಿರಬಹುದು.

ನನ್ನ ಟೇಬಲ್ ಮೇಲೆ ರಟ್ಟಿನ ಚಕ್ರ ಒಂದಿದೆ. ದೊಡ್ಡ ಬಿಲ್ಲೆಯ ಮೇಲೆ ಸಣ್ಣ ಬಿಲ್ಲೆ. ಬಾಣದ ಗುರುತನ್ನ ಕೊನೇ ಮುಟ್ಟಿನ ತಾರೀಖಿಗೆ ಕೂರಿಸಿದರೆ ಇವತ್ತಿಗೆ ಎಷ್ಟು ವಾರ, ಹೆರಿಗೆ ಯಾವಾಗ ಅಂತ ತೋರಿಸುತ್ತೆ. ಈಗ ಎಲ್ಲದಕ್ಕೂ ಆ್ಯಪ್ ಇದೆ, ಆದರೂ ಇದನ್ನ ಬಿಡೋಕೆ ನನಗೆ ಮನಸ್ಸಿಲ್ಲ. ತಿರುಗಿಸಿದೆ. ಐದು ವಾರ ಎರಡು ದಿನ. ಅವಳು ಹೌಹಾರಿದಳು: “ಅಯ್ಯೋ, ಹಾಗಾದ್ರೆ ಪಾರ್ಟಿ ದಿನ ಮಗುವಿಗೆ ಎರಡೂವರೆ ವಾರ ಆಗಿತ್ತಾ?”

ಎಲ್ಲರೂ ಎಡವೋದು ಇಲ್ಲೇ. ಬಸಿರಿನ ವಾರದ ಲೆಕ್ಕ ಶುರುವಾಗೋದು ಕೊನೇ ಮುಟ್ಟಿನ ಮೊದಲ ದಿನದಿಂದ. ಆ ದಿನ ಬಸಿರೂ ಇಲ್ಲ, ಏನೂ ಇಲ್ಲ. 28 ದಿನದ ಋತುಚಕ್ರ ಇರುವವರಿಗೆ ಅಂಡಾಣು ಹೊರಬರೋದೇ ಸುಮಾರು 14ನೇ ದಿನ. ಅಂದ್ರೆ ನನ್ನ ರಟ್ಟಿನ ಚಕ್ರದ ಪ್ರಕಾರ “ಎರಡು ವಾರದ ಗರ್ಭಿಣಿ” ಅನ್ನೋ ಹೊತ್ತಿಗೆ ಇನ್ನೂ ಗರ್ಭವೇ ಕಟ್ಟಿರೋದಿಲ್ಲ. ಅವಳ ಪಾರ್ಟಿ ಆದದ್ದು 18ನೇ ದಿನ. ಅವತ್ತು ಇದ್ದದ್ದು ನಾಲ್ಕು ದಿನದ ಒಂದು ಜೀವಕೋಶದ ಗುಂಪು. ಅದು ಗರ್ಭಕೋಶದ ಗೋಡೆಗೆ ಅಂಟಿಕೊಳ್ಳೋದು ಅಂಡಾಣು ಬಿಡುಗಡೆಯಾಗಿ ಆರರಿಂದ ಹತ್ತು ದಿನಕ್ಕೆ. ಅಲ್ಲೀತನಕ ತಾಯಿಯ ರಕ್ತಕ್ಕೂ ಅದಕ್ಕೂ ನೇರ ಸಂಪರ್ಕವೇ ಇಲ್ಲ. ಮನೆಯಲ್ಲಿ ಮಾಡೋ ಕಿಟ್‌ನಲ್ಲಿ ಎರಡನೇ ಗೆರೆ ಬರೋದೂ ಅಂಟಿಕೊಂಡ ಮೇಲೆಯೇ, ಆಗಲೇ ಕಿಟ್ ಪತ್ತೆ ಹಚ್ಚೋ ಹಾರ್ಮೋನು ತಾಯಿಯ ಮೈಗೆ ಸೇರೋಕೆ ಶುರುವಾಗೋದು.

ಗರ್ಭ ಕಟ್ಟಿದ ಮೊದಲ ಎರಡು ವಾರಕ್ಕೆ ನಮಗೆ ಕ್ಲಾಸಲ್ಲಿ ಹೇಳಿಕೊಟ್ಟದ್ದು “ಆಲ್ ಆರ್ ನನ್” ಅಂತ, ಅಂದ್ರೆ ಆದರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ. ಪೆಟ್ಟು ಜೋರಾಗಿದ್ದರೆ ಬಸಿರು ನಿಲ್ಲೋದೇ ಇಲ್ಲ, ಮುಟ್ಟು ಬಂದುಬಿಡುತ್ತೆ. ನಿಂತಿತು ಅಂದ್ರೆ ಉಳಿದ ಕೋಶಗಳು ಕೊರತೆ ತುಂಬಿಕೊಂಡು ಮುಂದೆ ಹೋಗಿವೆ ಅಂತ. ಇದೇನೂ ಶಿಲಾಶಾಸನ ಅಲ್ಲ. ಆದರೆ ಎರಡು ಗ್ಲಾಸ್ ವೈನಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಸಾಯಬೇಕಾದ್ದಿಲ್ಲ ಅನ್ನೋಕೆ ಸಾಕು. ಆ ವೈನೂ ಮಾರನೇ ದಿನದ ಹೊತ್ತಿಗೆ ರಕ್ತ ಬಿಟ್ಟು ಹೋಗಿರುತ್ತೆ. ಮೈಯೊಳಗೆ ಅಡಗಿ ಕೂತು, ಆಮೇಲೆ ಮಗು ಬರುತ್ತೆ, ಆಗ ನೋಡ್ಕೋತೀನಿ ಅಂತ ಕಾಯೋದಿಲ್ಲ.

ಪಾರ್ಟಿ ಇನ್ನೆರಡು ವಾರ ಆಚೆಗೆ ಇದ್ದಿದ್ರೆ? ಆಗ ಇಷ್ಟು ಹಗುರವಾಗಿ ಮಾತಾಡ್ತಿರಲಿಲ್ಲ. ಗರ್ಭ ಕಟ್ಟಿದ ಮೂರನೇ ವಾರದಿಂದ ಹೃದಯ, ಮಿದುಳು, ಬೆನ್ನುಹುರಿಯ ಕೆಲಸ ಶುರು. ಮಿದುಳು ಬೆನ್ನುಹುರಿ ಆಗಬೇಕಾದ ಕೊಳವೆ ಮುಚ್ಚಿಕೊಳ್ಳೋದು ಗರ್ಭ ಕಟ್ಟಿದ 28ನೇ ದಿನದ ಆಸುಪಾಸು, ರಟ್ಟಿನ ಚಕ್ರದ ಲೆಕ್ಕದಲ್ಲಿ ಆರು ವಾರ. ಮುಟ್ಟು ಸರಿಯಾಗಿ ಬರದವರು, ಪಿಸಿಒಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ) ಇರುವವರು, ಎದೆಹಾಲು ಕುಡಿಸುತ್ತಿರುವವರು, ಒಂದಿಷ್ಟು ಕಲೆ ಕಂಡದ್ದನ್ನೇ ಮುಟ್ಟು ಅಂದುಕೊಂಡವರು, ಇವರಿಗೆ ಗೊತ್ತಾಗೋ ಹೊತ್ತಿಗೆ ಎಂಟು ವಾರ, ಹತ್ತು ವಾರ ಆಗಿರುತ್ತೆ. ಅವರಿಗೆ ಕೊಡೋ ಉತ್ತರ ಬೇರೆ. ಪ್ರತಿ ದಿನ ಕುಡಿಯುತ್ತಿದ್ದರಾ, ಒಂದೇ ಸಲಕ್ಕೆ ನಾಲ್ಕೈದು ಗ್ಲಾಸಾ, ಎಷ್ಟು ಸಲ, ಎಲ್ಲ ಕೇಳಬೇಕು. ಕೇಳಬೇಕು ಅಂದ್ರೆ ಅವಳು ಹೇಳಬೇಕು. ಹೇಳಬೇಕು ಅಂದ್ರೆ ಗಂಡ ಅವಳ ಬಾಯಿಗೆ ಕೈ ಅಡ್ಡ ಇಡಬಾರದು! ಇಷ್ಟು ಅರ್ಥ ಆಗೋಕೆ ಡಿಗ್ರಿ ಬೇಕಾ?

ಇವತ್ತಿನ ಹುಡುಗಿಯ ಫೋನಲ್ಲಿ ಇದ್ದದ್ದು ಏನು ಗೊತ್ತಾ? ಮಕ್ಕಳ ಮುಖದ ಫೋಟೊಗಳು. ಮೂಗಿನ ಕೆಳಗಿನ ತೋಡು ಮಾಸಿಹೋದ, ಮೇಲ್ದುಟಿ ತೆಳ್ಳಗಾದ, ಕಣ್ಣು ಕಿರಿದಾದ ಮುಖಗಳು. ಮಧ್ಯರಾತ್ರಿ ಎದ್ದು ಅವನ್ನೇ ದೊಡ್ಡದು ಮಾಡಿ ಮಾಡಿ ನೋಡಿದ್ದಾಳೆ. ಬಸಿರಲ್ಲಿ ತಾಯಿ ಕುಡಿದದ್ದರಿಂದ ಮಗುವಿಗೆ ಆಗುವ ಈ ತೊಂದರೆಗೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತಾರೆ. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮೋಯ್ನ್ ಅನ್ನೋ ವೈದ್ಯರು 127 ಮಕ್ಕಳನ್ನ ನೋಡಿ ಬರೆದಿದ್ದರು, ಯಾರೂ ಅಷ್ಟಾಗಿ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್, ಡೇವಿಡ್ ಸ್ಮಿತ್ ಮತ್ತಿತರರು ‘ಲ್ಯಾನ್ಸೆಟ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಎಂಟು ಮಕ್ಕಳ ಬಗ್ಗೆ ಬರೆದ ಮೇಲೆ ಜಗತ್ತಿಗೆ ಗೊತ್ತಾಯ್ತು. ಆ ಎಂಟೂ ಮಕ್ಕಳ ತಾಯಂದಿರು ವಿಪರೀತ ಕುಡಿತದ ಚಟ ಹತ್ತಿ, ಬಸಿರಲ್ಲೂ ಕುಡಿಯುತ್ತಲೇ ಇದ್ದವರು. ಆ ಫೋಟೊ ಹಾಕಿದವರು ಈ ಒಂದು ಸಾಲನ್ನ ಯಾಕೆ ಹಾಕೋದಿಲ್ಲ?

ಆಮೇಲೆ ಗೊತ್ತಾದದ್ದನ್ನೂ ಮುಚ್ಚಿಡಲ್ಲ. ಮುಖ ಸರಿಯಾಗೇ ಇದ್ದು ಕಲಿಕೆಯಲ್ಲಿ, ಗಮನದಲ್ಲಿ, ನಡವಳಿಕೆಯಲ್ಲಿ ತೊಂದರೆ ಕಾಣಿಸಿಕೊಳ್ಳುವ ಮಕ್ಕಳೂ ಇದ್ದಾರೆ. ಅದಕ್ಕೇ ಬಸಿರಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನೋ ಗೆರೆಯನ್ನ ಯಾರೂ ಎಳೆದಿಲ್ಲ. ಎಳೆಯೋಕೆ ಬೇಕಾದ ಪ್ರಯೋಗ ಮಾಡೋದಾದರೂ ಹೇಗೆ? ಬಸುರಿಯರನ್ನ ಎರಡು ಸಾಲಲ್ಲಿ ನಿಲ್ಲಿಸಿ, ನೀವು ಕುಡೀರಿ, ನೀವು ಬೇಡ ಅನ್ನೋಕಾಗುತ್ತಾ? ಆದ್ದರಿಂದ ಬೇಡವೇ ಬೇಡ ಅನ್ನೋದು ಸರಿಯಾದ ಸಲಹೆ, ನಾನೂ ದಿನಾ ಅದನ್ನೇ ಹೇಳೋದು. ಆದರೆ ಸುರಕ್ಷಿತ ಪ್ರಮಾಣ ಇಷ್ಟೇ ಅಂತ ಗೊತ್ತಿಲ್ಲ ಅನ್ನೋ ಮಾತನ್ನ, ಒಂದು ಗುಟುಕು ಹೋಯ್ತಾ, ಮಗು ಹಾಳಾಯ್ತು ಅಂತ ತಿರುಚಿ ಹುಡುಗಿಯರ ತಲೆಗೆ ತುಂಬುತ್ತಾರಲ್ಲ, ಅದು ಯಾವ ವೈದ್ಯಶಾಸ್ತ್ರ?

ಇದರಲ್ಲಿ ಮರ್ಯಾದೆಯಿಂದ ಮಾತಾಡಿದವರೂ ಇದ್ದಾರೆ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ಎರಡನ್ನೂ ಒಟ್ಟಿಗೇ ಹೇಳುತ್ತೆ. ಬಸಿರಲ್ಲಿ ಕುಡಿಯದೇ ಇರೋದೇ ಕ್ಷೇಮ. ಗೊತ್ತಿಲ್ಲದೆ ಮೊದಮೊದಲು ಒಂದಿಷ್ಟು ಕುಡಿದಿದ್ದರೆ ಮಗುವಿಗೆ ತೊಂದರೆಯಾಗುವ ಸಂಭವ ಕಡಿಮೆ, ಈಗ ನಿಲ್ಲಿಸಿ, ಚಿಂತೆ ಇದ್ದರೆ ಡಾಕ್ಟರ್ ಹತ್ತಿರ ಮಾತಾಡಿ. ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು? 2013ರಲ್ಲಿ ಪ್ರಕಟವಾದ, ಐರ್ಲೆಂಡ್, ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾದ 5,628 ಚೊಚ್ಚಲು ಬಸುರಿಯರ ಅಧ್ಯಯನದಲ್ಲೂ, ಮೊದಮೊದಲು ಕುಡಿದದ್ದಕ್ಕೂ ಮಗು ತೂಕ ಕಡಿಮೆಯಾಗೋದಕ್ಕೂ, ದಿನ ತುಂಬದೆ ಹುಟ್ಟೋದಕ್ಕೂ, ತಾಯಿಯ ಬಿಪಿ ಏರೋದಕ್ಕೂ ಸಂಬಂಧ ಕಾಣಲಿಲ್ಲ. ಮಗು ಮುಂದೆ ಶಾಲೆಯಲ್ಲಿ ಹೇಗೆ ಕಲಿಯುತ್ತೆ ಅನ್ನೋದನ್ನ ಅವರು ನೋಡಿರಲಿಲ್ಲ, ಅದನ್ನೂ ಹೇಳಿಬಿಡ್ತೀನಿ. 2020ರ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ ಐದರಿಂದ ಹತ್ತನೇ ವಾರದೊಳಗೆ ಕುಡಿತ ಮುಂದುವರಿದ ಪ್ರತಿ ವಾರಕ್ಕೂ ಗರ್ಭಪಾತದ ಸಂಭವ 8% ಏರಿದ್ದು ಕಂಡಿದೆ. ಗೊತ್ತಾದ ದಿನವೇ ನಿಲ್ಲಿಸಿ ಅಂತ ಬಡಕೊಳ್ಳೋದು ಇದಕ್ಕೇ.

ಈಗ ನೀವು ಕೇಳೋದು ನನಗೆ ಗೊತ್ತು. ಜೊತೆಗೆ ಕೆಲಸ ಮಾಡುವ ಒಬ್ಬರು ಮಧ್ಯಾಹ್ನವೇ ಕೇಳಿಯಾಯ್ತು: “ನೀನು ಹೀಗೆ ಧೈರ್ಯ ಹೇಳ್ತಾ ಹೋದರೆ ನಾಳೆ ಎಲ್ಲರೂ ಕುಡಿಯೋಕೆ ಶುರು ಮಾಡ್ತಾರೆ.” ಹೌದಮ್ಮ, ಜಗತ್ತಿನ ಬಸುರಿಯರೆಲ್ಲ ಗ್ಲಾಸ್ ಕೈಯಲ್ಲಿ ಹಿಡಿದು ನನ್ನ ಅಪ್ಪಣೆಗೆ ಕಾಯ್ತಾ ನಿಂತಿದ್ದಾರೆ! ಅಳುತ್ತಾ ಬಂದು ಕೇಳುವವಳು ಆಗಲೇ ನಿಲ್ಲಿಸಿರುತ್ತಾಳೆ. ಅವಳನ್ನ ಹೆದರಿಸಿ ಉಳಿಸೋಕೆ ಇನ್ನೇನೂ ಬಾಕಿ ಇಲ್ಲ. ಇನ್ನು ಬಿಡಲಾಗದೆ ದಿನಾ ಕುಡಿಯುತ್ತಿರುವವಳು? ನಿಮ್ಮ ಬೈಗುಳಕ್ಕೆ ಅವಳು ಬಿಡೋದು ಕುಡಿತವನ್ನಲ್ಲ, ಆಸ್ಪತ್ರೆಗೆ ಬರೋದನ್ನ. ಅಥವಾ ಮರ್ಯಾದೆಗೆ ಹೆದರಿ ಒಂದೇ ದಿನಕ್ಕೆ ಒಬ್ಬಳೇ ನಿಲ್ಲಿಸೋಕೆ ಹೋಗ್ತಾಳೆ. ದಿನಾ ಜಾಸ್ತಿ ಕುಡಿಯುವ ಮೈ ಹಾಗೆ ಏಕಾಏಕಿ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು ಜೀವಕ್ಕೇ ಸಂಚಕಾರ ಆಗಬಹುದು. ಅವಳನ್ನ ಡಾಕ್ಟರ್ ಕೈಯಲ್ಲಿ, ಔಷಧಿಯ ಆಸರೆಯಲ್ಲಿ ಬಿಡಿಸಬೇಕು. ನನ್ನ ಫಾರಂನಲ್ಲಿ “ಇಲ್ಲ” ಅಂತ ಇದ್ದರೆ ಅದು ನಡೆಯೋದು ಹೇಗೆ?

ಒಂದು ಮಾತು. ಇಲ್ಲಿ ಬರೆಯಬೇಕಾ ಬೇಡವಾ ಅಂತ ಯೋಚಿಸಿ ಬರೀತಿದ್ದೀನಿ. ನಾನು ಜೀವನದಲ್ಲಿ ಮದ್ಯ ಬಾಯಿಗಿಟ್ಟವಳಲ್ಲ, ಅದರ ವಾಸನೆ ಕಂಡರೇ ಆಗಲ್ಲ. ನನ್ನ ಎರಡನೇ ಬಸಿರು ಒಂಬತ್ತು ವಾರಕ್ಕೆ ಹೋಯ್ತು. ಆಗ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಏನು ತಿಂದೆ, ಏನು ಎತ್ತಿದೆ, ಎಲ್ಲಿ ಓಡಾಡಿದೆ. ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮಿನ ಏರುಪೇರೇ ಕಾರಣ ಅಂತ ಬೇರೆಯವರಿಗೆ ದಿನಾ ಹೇಳುವವಳು ನಾನು. ಆದರೂ ರಾತ್ರಿ ಹೊತ್ತು ಬಕೆಟ್ ಎತ್ತಿದ್ದನ್ನ, ಮೆಟ್ಟಿಲು ಹತ್ತಿದ್ದನ್ನ ಲೆಕ್ಕ ಹಾಕ್ತಾ ಮಲಗಿದ್ದೀನಿ. ಹೆಣ್ಣಿನ ತಪ್ಪು ಹುಡುಕೋಕೆ ಹೊರಟವರಿಗೆ ಮದ್ಯವೇ ಬೇಕು ಅಂತೇನಿಲ್ಲ, ಏನಾದರೂ ಸಿಗುತ್ತೆ. ನಿಜವಾಗಿ ಒಂದು ಗ್ಲಾಸ್ ಕುಡಿದವಳು ಸಿಕ್ಕಿಬಿಟ್ಟರಂತೂ ಹಬ್ಬ.

ಮನೆಯವರಷ್ಟೇ ಅಲ್ಲ, ದೊಡ್ಡ ದೊಡ್ಡ ಸಂಸ್ಥೆಗಳೂ ಹೀಗೇ. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2016ರಲ್ಲಿ, ಕುಡಿಯುತ್ತಾ ಗರ್ಭನಿರೋಧಕ ಬಳಸದೇ ಇರುವ 33 ಲಕ್ಷ ಹೆಂಗಸರು ಹುಟ್ಟದ ಮಗುವನ್ನ ಅಪಾಯಕ್ಕೆ ಒಡ್ಡುತ್ತಿರಬಹುದು ಅಂತ ಹೇಳಿ ಎಲ್ಲ ಕಡೆಯಿಂದ ಬೈಸಿಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಕರಡು ಯೋಜನೆಯಲ್ಲಿ, ಕುಡಿತ ತಡೆಯುವಾಗ ಹೆರುವ ವಯಸ್ಸಿನ ಹೆಂಗಸರ ಮೇಲೂ ವಿಶೇಷ ಗಮನ ಇರಲಿ ಅಂತ ಬರೆದು ಅದೇ ಪಾಡು ಪಟ್ಟಿತು. ಹದಿನೈದರಿಂದ ನಲವತ್ತೊಂಬತ್ತರ ತನಕ ಪ್ರತಿ ಹೆಣ್ಣೂ ಯಾವ ಕ್ಷಣದಲ್ಲಾದರೂ ಬಸುರಿಯೇ ಅಂತ ಇವರ ಲೆಕ್ಕ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2022ರ ವರದಿ ಪ್ರಕಾರ ಜಗತ್ತಿನ ಬಸಿರುಗಳಲ್ಲಿ ಹತ್ತಿರ ಹತ್ತಿರ ಅರ್ಧ, ಬಯಸದೇ ಬಂದದ್ದು, ವರ್ಷಕ್ಕೆ 12 ಕೋಟಿ ಚಿಲ್ಲರೆ. ಅಷ್ಟೂ ಹೆಂಗಸರು ಮೊದಲೇ ಕನಸು ಕಂಡು ಗ್ಲಾಸ್ ಕೆಳಗಿಡಬೇಕಿತ್ತಾ?

ಗಂಡಸರ ವಿಷಯ ಯಾರೂ ಎತ್ತೋದಿಲ್ಲ. ಒಂದು ವೀರ್ಯಾಣು ತಯಾರಾಗೋಕೆ ಎರಡರಿಂದ ಎರಡೂವರೆ ತಿಂಗಳು ಬೇಕು. ಅಪ್ಪನ ಕುಡಿತ ಮರಿಗಳ ಮೇಲೆ ಏನು ಮಾಡುತ್ತೆ ಅಂತ ಇಲಿಗಳ ಮೇಲೆ ಪ್ರಯೋಗ ನಡೆದು, ಮರಿಗಳ ಮುಖದ ರಚನೆಯಲ್ಲೇ ವ್ಯತ್ಯಾಸ ಕಂಡದ್ದೂ ಇದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಲ್ಲೂ ಹಾಗೇ ಅಂತ ಅಲ್ಲ, ಅಷ್ಟು ನನಗೂ ಗೊತ್ತು. ಆದರೆ ನನ್ನ ಫಾರಂನಲ್ಲಿ ಗಂಡನಿಗೆ ಇರೋದು ಹೆಸರು, ಫೋನ್ ನಂಬರ್, ರಕ್ತದ ಗುಂಪು. ಕುಡೀತೀಯೇನಪ್ಪ ಅಂತ ಕೇಳೋಕೆ ಒಂದು ಖಾನೆಯೂ ಇಲ್ಲ. ಇವತ್ತಿನ ಗಂಡನ ಬಾಯಿಂದ ಬೆಳಗ್ಗೆ ಹನ್ನೊಂದಕ್ಕೇ ವಾಸನೆ ಬರ್ತಿತ್ತು ಅಂತ ಬರೆದರೆ ನೀವು ನಂಬೋದಿಲ್ಲ, ಬಿಡಿ.

ಹುಡುಗಿಗೆ ಹೇಳಿ ಕಳಿಸಿದ್ದು ಇಷ್ಟು: ಇನ್ನು ಮುಟ್ಟಬೇಡ, ಫೋಲಿಕ್ ಆ್ಯಸಿಡ್ ಮಾತ್ರೆ ತಪ್ಪಿಸಬೇಡ, ಒಳಗೆ ಹೋದಾಗ ಡಾಕ್ಟರ್ ಮೇಡಂಗೆ ಪಾರ್ಟಿಯ ತಾರೀಖು, ಗ್ಲಾಸಿನ ಲೆಕ್ಕ ಎರಡನ್ನೂ ಹೇಳು. ಫಾರಂನ “ಇಲ್ಲ” ಹೊಡೆದು ಹಾಕಿ ಸರಿಯಾದದ್ದು ಬರೆದೆ. ಮೇಡಂಗೂ ಮೊದಲೇ ಹೇಳಿದೆ, ಗಂಡನನ್ನ ಹೊರಗೆ ಕೂರಿಸಿ ಅಂತ. ಅವರು ಕೂರಿಸಿದರು. ಅವನಿಗೆ ಸಿಟ್ಟು ಬಂತು, ಬರಲಿ.

ನಾಳೆಯಿಂದ ನನ್ನ ರೂಮಿಗೆ ಬಸುರಿ ಒಬ್ಬಳೇ ಬರಬೇಕು ಅಂತ ಬಾಗಿಲಿಗೆ ಕಾಗದ ಅಂಟಿಸ್ತೀನಿ. ಮೇಲಿನವರು ಕೇಳಿದರೆ ಜಾಗ ಸಾಲದು ಅಂತೀನಿ. ಇದರ ಕೆಳಗೆ ಬಂದು ಒಳ್ಳೆ ಹೆಂಗಸರು ಕುಡಿಯೋದೇ ಇಲ್ಲ ಅಂತ ಉಪದೇಶ ಬರೆಯೋಕೆ ಹೊರಟಿರುವ ಅಣ್ಣಂದಿರು ಮೊದಲು ನಿಮ್ಮ ಹೆಂಡತಿಯ ಕೊನೇ ಮುಟ್ಟಿನ ತಾರೀಖು ಬರೆದು, ಅಲ್ಲಿಂದ ಉಪದೇಶ ಶುರು ಮಾಡಿ.