ಮೂರನೇ ರಾತ್ರಿಯ ತುರಿಕೆ

ಸೀನು, ಅಲರ್ಜಿಗೆ ನುಂಗುವ ಸೆಟಿರಿಜಿನ್ ಮಾತ್ರೆ ಬಹಳ ದಿನ ತಗೊಂಡು ಒಮ್ಮೆಗೇ ಬಿಟ್ಟರೆ ಮೈ ತುರಿಸಬಹುದು ಅಂತಾರಲ್ಲ, ಅದು ನನ್ನದೇ ಕಥೆ. ಮೂಡಿಗೆರೆ ಹತ್ತಿರ ನಮ್ಮ ತೋಟ. ಕಣದಲ್ಲಿ ಕಾಫಿ ಒಣಗಿಸುವ ಧೂಳಿಗೆ ಸೀನಿ ಸೀನಿ ಸಾಕಾಗಿ, ನಾಲ್ಕು ವರ್ಷ ದಿನಾ ರಾತ್ರಿ ಒಂದು ಮಾತ್ರೆ ನುಂಗಿದೆ. ಮಳೆ ಹಿಡಿದ ಮೇಲೆ ಸುಮ್ನೆ ಯಾಕೆ ಅಂತ ಬಿಟ್ಟೆ. ಮೂರನೇ ರಾತ್ರಿ ಅಂಗೈ, ಅಂಗಾಲು, ತಲೆ ಎಲ್ಲಾ ತುರಿಕೆ. ದದ್ದು ಒಂದೂ ಇಲ್ಲ! ಕಂಬಳಿಹುಳ ತಾಗಿರಬೇಕು ಅಂತ ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದರು. ಡಾಕ್ಟರ್ ಮಾತ್ರ ನೋಡಿದ ಕೂಡಲೇ, ಮಾತ್ರೆ ಬಿಟ್ಟಿದ್ದಕ್ಕೇ ಇದು ಅಂದರು. ಮತ್ತೆ ಶುರು ಮಾಡಿಸಿ, ಅರ್ಧ ಮಾತ್ರೆ, ಆಮೇಲೆ ದಿನ ಬಿಟ್ಟು ದಿನ ಅಂತ ನಿಧಾನಕ್ಕೆ ಇಳಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಮಾತ್ರೆ ಬಿಟ್ಟ ಮೇಲೆ ಬರುವ ಈ ತುರಿಕೆ ಬಗ್ಗೆಯೇ ಎಚ್ಚರಿಕೆ ಕೊಟ್ಟಿದೆ. ಅಪರೂಪ ಅಂತಾರೆ, ನನಗೇ ಬರಬೇಕಿತ್ತಾ!