ಬೆಳಗ್ಗೆ ರೈಲಿಳಿದ ಅಮ್ಮನ್ನ ಮಧ್ಯಾಹ್ನದ ತನಕ ಎಲ್ಲಿ ಕೂರಿಸ್ಲಿ?

ಹಬ್ಬದ ಹಿಂದಿನ ದಿನ ಸಾಯಂಕಾಲ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ತಾ ಕೂತಿದ್ದೆ, ಫೋನ್ ಬಂತು. ಗೋಕರ್ಣದ ಲಾಡ್ಜಿನೋನು. "ಮೇಡಂ, ನಿಮ್ದು ಜನವರಿ 24, 25 ಎರಡು ದಿನ ರೂಮ್ ಇತ್ತಲ್ಲ, ಅದರ ರೇಟ್ ಚೇಂಜ್ ಆಗಿದೆ, ದಿನಕ್ಕೆ ಐದೂವರೆ ಸಾವಿರ, ಬೇಕಾದ್ರೆ ಇಟ್ಕೊಳ್ಳಿ, ಬೇಡ ಅಂದ್ರೆ ಅಡ್ವಾನ್ಸ್ ವಾಪಸ್ ಹಾಕ್ತೀನಿ" ಅಂದ. ಡಿಸೆಂಬರ್ ಮೊದಲ ವಾರದಲ್ಲೇ ದಿನಕ್ಕೆ 2200 ಅಂತ ಮಾತಾಡಿ, ಸಾವಿರ ರೂಪಾಯಿ ಅಡ್ವಾನ್ಸ್ ಕಳಿಸಿ, "ಕನ್ಫರ್ಮ್ ಮೇಡಂ" ಅಂತ ಅವನೇ ವಾಟ್ಸಾಪ್‌ನಲ್ಲಿ ಹಾಕಿದ ಮೆಸೇಜು ಇವತ್ತಿಗೂ ನನ್ನ ಫೋನಲ್ಲಿದೆ. ಅದನ್ನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರ್ಲಿಲ್ಲ. ಮತ್ತೆ ಫೋನ್ ಮಾಡಿದ್ರೆ "ನಮ್ ಕೈಲಿ ಏನಿಲ್ಲ ಮೇಡಂ, ಓನರ್ ಹೇಳಿದ್ದು" ಅಂತ ಇಟ್ಬಿಟ್ಟ.

ನನಗೆ ಹೊಟ್ಟೆ ಉರೀತಿರೋದು ದುಡ್ಡಿಗಲ್ಲ. ಅಂದ್ರೆ ದುಡ್ಡಿಗೂ ಹೌದು, ಎರಡು ದಿನಕ್ಕೆ 4400 ಅಂತ ಎತ್ತಿಟ್ಟಿದ್ದೋಳು 11,000 ಎಲ್ಲಿಂದ ತರ್ಲಿ. ಆದ್ರೆ ಅದಕ್ಕಿಂತ ಜಾಸ್ತಿ, ಎರಡು ತಿಂಗಳಿಂದ ನಾನು ಒಂದೊಂದೇ ಒಂದೊಂದೇ ಜೋಡಿಸಿಕೊಂಡು ಬಂದಿದ್ದನ್ನ ಒಂದು ನಿಮಿಷದ ಫೋನಲ್ಲಿ ಕೆಡವಿಬಿಟ್ರಲ್ಲ, ಅದಕ್ಕೆ.

ನಮ್ಮೂರು ತುಮಕೂರು ಜಿಲ್ಲೆ ಕಡೆ. ಅಪ್ಪ ಅಮ್ಮ ಇಬ್ಬರೂ ತೆಂಗಿನ ತೋಟ, ಕೆರೆ ಏರಿ ಬಿಟ್ಟು ಬೇರೆ ನೀರು ನೋಡಿದೋರಲ್ಲ. ಅಮ್ಮನಿಗೆ 67, ಇದುವರೆಗೂ ಸಮುದ್ರ ನೋಡಿಲ್ಲ. ಅವಳಿಗೆ ಇರೋದು ಒಂದೇ ಆಸೆ, ಗೋಕರ್ಣಕ್ಕೆ ಹೋಗಿ ಆತ್ಮಲಿಂಗ ಕೈಯಾರೆ ಮುಟ್ಟಬೇಕು ಅಂತ. ರಾವಣ ಸಂಧ್ಯಾವಂದನೆಗೆ ಹೋದಾಗ ಗಣಪತಿ ಹುಡುಗನ ವೇಷದಲ್ಲಿ ಬಂದು ಲಿಂಗ ನೆಲಕ್ಕಿಟ್ಟಿದ್ದು, ಅದಕ್ಕೆ ಮುಚ್ಚಿದ್ದ ಬಟ್ಟೆ ಹೋಗಿ ಮುರುಡೇಶ್ವರದಲ್ಲಿ ಬಿದ್ದಿದ್ದು, ಈ ಕಥೆನ ನನ್ನ ಮಗನಿಗೆ ಎಷ್ಟು ಸಲ ಹೇಳಿದಾಳೋ ಲೆಕ್ಕ ಇಲ್ಲ. ಅವನಿಗೆ ಒಂಬತ್ತು ವರ್ಷ, ಅವನಿಗೆ ಅದೇ ಮುರುಡೇಶ್ವರದ 123 ಅಡಿ ಶಿವನ್ನ ನೋಡಬೇಕು, ಆ 20 ಅಂತಸ್ತಿನ ರಾಜಗೋಪುರದ ಲಿಫ್ಟಲ್ಲಿ ತಾತನ ಜೊತೆ ಮೇಲೆ ಹೋಗಬೇಕು. ನಮ್ಮೆಜಮಾನ್ರಿಗೆ ರಜ ಸಿಗಲ್ಲ. ಈ ಸಲ ಜನವರಿ 26 ಸೋಮವಾರ ಬಂದಿರೋದ್ರಿಂದ ಶನಿವಾರ, ಭಾನುವಾರ ಸೇರಿ ಮೂರು ದಿನ ಸಿಗತ್ತೆ, ನಾನೇ ಮೂರೂ ಜನನ್ನ ಕರ್ಕೊಂಡು ಹೋಗಿ ಬರ್ತೀನಿ ಅಂತ ಹೊರಟೆ.

ರೈಲು ಟಿಕೆಟ್‌ಗೇ ಒಂದು ಯುದ್ಧ. ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿಸಿದಾರೆ. ನವೆಂಬರ್‌ನಲ್ಲಿ ಬೆಳಗ್ಗೆ ಎಂಟಕ್ಕೆ ಓಪನ್ ಆಗೋ ಹೊತ್ತಿಗೆ ನಾನು ಆಫೀಸಿಗೆ ಲೇಟ್ ಪರ್ಮಿಷನ್ ತಗೊಂಡು ಕೂತು ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಸೀಟು ಹಿಡಿದೆ. ಅಪ್ಪನಿಗೆ 40 ಪರ್ಸೆಂಟು, ಅಮ್ಮನಿಗೆ 50 ಪರ್ಸೆಂಟು ರಿಯಾಯಿತಿ ಸಿಗ್ತಿತ್ತು ಹಿರಿಯ ನಾಗರಿಕರು ಅಂತ, 2020ರ ಮಾರ್ಚ್‌ನಲ್ಲಿ ಕೊರೋನಾ ಹೆಸರಲ್ಲಿ ನಿಲ್ಲಿಸಿದೋರು ಮತ್ತೆ ಕೊಡ್ಲೇ ಇಲ್ಲ. ಹೋಗ್ಲಿ, ಅದು ಬೇರೆ ಹೊಟ್ಟೆಯುರಿ.

ಟಿಕೆಟ್ ಆದ ಮೇಲೆ ರೂಮು. ನಾನು ಕೇಳಿದ್ದು ನಾಲ್ಕೇ ನಾಲ್ಕು ವಿಷಯ. ಒಟ್ಟು ಎಷ್ಟಾಗತ್ತೆ, ಗ್ರೌಂಡ್ ಫ್ಲೋರ್ ಇದೆಯಾ, ವೆಸ್ಟರ್ನ್ ಟಾಯ್ಲೆಟ್ ಇದೆಯಾ, ಬೆಳಗ್ಗೆ ರೈಲಿಳಿದು ಬಂದ ತಕ್ಷಣ ರೂಮ್ ಕೊಡ್ತೀರಾ. ಅಮ್ಮನಿಗೆ ಎರಡೂ ಮಂಡಿ ಸವೆದಿದೆ, ಕೆಳಗೆ ಕೂತ್ರೆ ಏಳಕ್ಕಾಗಲ್ಲ, ಹತ್ತು ಮೆಟ್ಟಿಲು ಹತ್ತಿದ್ರೆ ಹನ್ನೊಂದನೇದಕ್ಕೆ ಕೈ ಹಿಡ್ಕೋಬೇಕು. ಅದಕ್ಕೇ ಕೇಳಿದ್ದು. ಎಸಿ ಕೇಳಲಿಲ್ಲ, ಟಿವಿ ಕೇಳಲಿಲ್ಲ, ಸ್ವಿಮ್ಮಿಂಗ್ ಪೂಲ್ ಕೇಳಲಿಲ್ಲ. ಇಪ್ಪತ್ತಕ್ಕಿಂತ ಜಾಸ್ತಿ ಕಡೆ ಫೋನ್ ಮಾಡಿದೀನಿ, ಈ ನಾಲ್ಕಕ್ಕೂ ನೆಟ್ಟಗೆ ಉತ್ತರ ಕೊಟ್ಟೋರು ಒಬ್ಬರೂ ಇಲ್ಲ.

ಒಬ್ಬ "ಬೀಚ್‌ಗೆ ಅಂಟ್ಕೊಂಡೇ ಇದೆ, ಜಸ್ಟ್ ಐದು ನಿಮಿಷ ವಾಕಿಂಗ್" ಅಂದ. ಕುಡ್ಲೆ ಬೀಚು. ಗಾಡಿ ಬಾಗಿಲ ತನಕ ಬರತ್ತಾ ಅಂತ ಕೇಳಿದೆ, "ಬರತ್ತೆ ಬರತ್ತೆ, ಹತ್ರನೇ ಬರತ್ತೆ" ಅಂದ. ನನಗೆ ಅನುಮಾನ ಬಂದು ಅಲ್ಲಿ ಹೋಗಿ ಬಂದಿದ್ದ ಆಫೀಸಿನ ಹುಡುಗಿನ ಕೇಳಿದ್ರೆ, ಗಾಡಿ ಮೇಲೇ ನಿಲ್ಲಿಸಬೇಕಂತೆ, ಅಲ್ಲಿಂದ ಗುಡ್ಡದ ಮೆಟ್ಟಿಲು ಇಳಿದು ಮರಳಲ್ಲಿ ನಡ್ಕೊಂಡು ಹೋಗಬೇಕಂತೆ ಬ್ಯಾಗ್ ಹೊತ್ಕೊಂಡು. ಓಂ ಬೀಚಲ್ಲೂ ಮೆಟ್ಟಿಲು ಇಳೀಲೇಬೇಕಂತೆ. ವಯಸ್ಸಾದೋರು ಬರ್ತಾರೆ, ಮಂಡಿ ನೋವಿದೆ ಅಂತ ಮೂರು ಸಲ ಹೇಳಿದ ಮೇಲೂ ಆ ಮನುಷ್ಯ ಮೆಟ್ಟಿಲಿನ ವಿಷಯ ಬಾಯಿ ಬಿಡ್ಲಿಲ್ಲ! ಅಡ್ವಾನ್ಸ್ ಹಾಕಿ ಹೋಗಿಬಿಟ್ಟಿದ್ರೆ ನಾನು ಅಮ್ಮನ್ನ ಆ ಗುಡ್ಡದ ಮೇಲೆ ನಿಲ್ಲಿಸ್ಕೊಂಡು ಏನು ಮಾಡ್ತಿದ್ದೆ ಹೇಳಿ. ಇನ್ನೊಂದು ಕಡೆ ಫೋಟೋದಲ್ಲಿ ಕಿಟಕಿ ತೆಗೆದ್ರೆ ಸಮುದ್ರ. ಮ್ಯಾಪಲ್ಲಿ ಸ್ಯಾಟಲೈಟ್ ವ್ಯೂ ಹಾಕಿ ನೋಡಿದ್ರೆ ಆ ಬಿಲ್ಡಿಂಗಿಗೂ ಸಮುದ್ರಕ್ಕೂ ಮಧ್ಯ ತೆಂಗಿನ ತೋಟ, ಎರಡು ಸಾಲು ಮನೆ. ಅದನ್ನ ಕೇಳಿದ್ರೆ "ಟೆರೇಸಿಂದ ಕಾಣತ್ತೆ ಮೇಡಂ".

ಹೆಂಗಸು ಫೋನ್ ಮಾಡಿದ್ರೆ ಬೇರೆ ಪ್ರಶ್ನೆ. "ಜೊತೆಗೆ ಸರ್ ಬರಲ್ವಾ?" "ಯಾರ ಹೆಸರಲ್ಲಿ ರೂಮು?" ನನ್ನ ಹೆಸರಲ್ಲೇ, ನನ್ನ ಆಧಾರ್ ಕೊಡ್ತೀನಿ, ಅಪ್ಪ ಅಮ್ಮ ಮಗ ಜೊತೆಗಿರ್ತಾರೆ ಅಂದ್ರೆ ಒಂದು ಕಡೆ "ಜೆಂಟ್ಸ್ ಯಾರಾದ್ರೂ ಮಾತಾಡ್ಲಿ" ಅಂದ್ರು. ದುಡ್ಡು ಕೊಡೋಳು ನಾನು, ದುಡಿಯೋಳು ನಾನು, ಕಾಲಿಡೋಕೆ ಮುಂಚೆನೇ ಈ ಮಾತು ಕೇಳಬೇಕಾ? ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಕೈ ನಡುಗ್ತಿತ್ತು.

ಆನ್‌ಲೈನಲ್ಲಿ ಮಾಡೋಣ ಅಂದ್ರೆ ಅದು ಇನ್ನೊಂದು ಕಥೆ. ಮೊದಲನೇ ಪೇಜಲ್ಲಿ ದೊಡ್ಡದಾಗಿ 1999. ಒಳಗೆ ಹೋದ್ರೆ ಅದು ಇಬ್ಬರಿಗೆ ಮಾತ್ರ. ಮೂರನೇ ಜನಕ್ಕೆ ಎಕ್ಸ್ಟ್ರಾ ಬೆಡ್, ಒಂಬತ್ತು ವರ್ಷದ ಮಗುಗೂ ಎಕ್ಸ್ಟ್ರಾ, ಆಮೇಲೆ ಟ್ಯಾಕ್ಸು, ಆಮೇಲೆ ಅದೇನೋ ಕನ್ವೀನಿಯನ್ಸ್ ಫೀ, ನಾನು ಕೇಳದೇನೇ ಟಿಕ್ ಆಗಿರೋ ಇನ್ಶೂರೆನ್ಸು, ಕೊನೇ ಪೇಜಿಗೆ ಬರೋ ಹೊತ್ತಿಗೆ ಮೂರು ಸಾವಿರ ದಾಟಿತ್ತು. ಮೇಲೆ ಕೆಂಪಕ್ಷರದಲ್ಲಿ ಒಂದೇ ರೂಮ್ ಉಳಿದಿದೆ, ಹದಿನಾಲ್ಕು ಜನ ನೋಡ್ತಿದಾರೆ ಅಂತ. ನಾಲ್ಕು ದಿನ ಬಿಟ್ಟು ನೋಡಿದ್ರೂ ಅದೇ ಒಂದು ರೂಮು, ಅದೇ ಹದಿನಾಲ್ಕು ಜನ. ಇದೆಲ್ಲ ಮಾಡಬಾರದು ಅಂತ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ, ಡಾರ್ಕ್ ಪ್ಯಾಟರ್ನ್ಸ್ ಅಂತಾರೆ ಇದಕ್ಕೆ, ಒಟ್ಟು 13 ಥರದ ಮೋಸ ಪಟ್ಟಿ ಮಾಡಿದಾರೆ, ಸುಳ್ಳು ಅವಸರ ಹುಟ್ಟಿಸೋದು, ಕೇಳದೇ ಇರೋದನ್ನ ಬುಟ್ಟಿಗೆ ಹಾಕೋದು, ಪೂರ್ತಿ ಬೆಲೆನ ಕೊನೇಲಿ ಹೇಳೋದು, ಮೂರೂ ಆ ಪಟ್ಟಿಲಿದೆ. ಆ ಮೂರೂ ನಾನು ನೋಡಿದ ಆ ಒಂದೇ ಬುಕಿಂಗಲ್ಲಿತ್ತು.

ಟ್ಯಾಕ್ಸ್ ವಿಷಯ ಹೇಳ್ಲೇಬೇಕು, ಯಾಕಂದ್ರೆ ನಾನು ಅಕೌಂಟ್ಸ್ ಕೆಲಸ ಮಾಡೋಳು. 2022ರ ಜುಲೈ ತನಕ ದಿನಕ್ಕೆ ಸಾವಿರ ರೂಪಾಯಿ ಒಳಗಿನ ರೂಮಿಗೆ ಜಿಎಸ್‌ಟಿನೇ ಇರ್ಲಿಲ್ಲ. ನಮ್ಮಂಥೋರು ಉಳ್ಕೊಳ್ಳೋದು ಅಂಥ ರೂಮಲ್ಲೇ. ಅದಕ್ಕೂ 12 ಪರ್ಸೆಂಟ್ ಹಾಕಿದ್ರು. 2025ರ ಸೆಪ್ಟೆಂಬರ್ 22ರಿಂದ 7500 ತನಕದ ರೂಮಿಗೆಲ್ಲ 5 ಪರ್ಸೆಂಟ್‌ಗೆ ಇಳಿಸಿದಾರೆ. ಆದ್ರೂ ಡಿಸೆಂಬರ್‌ನಲ್ಲಿ ನನಗೆ ಮೂರು ಕಡೆ "ಪ್ಲಸ್ 12 ಪರ್ಸೆಂಟ್ ಜಿಎಸ್‌ಟಿ" ಅಂದ್ರು. ಇಳಿದಿದೆಯಲ್ಲ ಅಂದ್ರೆ "ನಮಗೆ ಹಂಗೇನು ಬಂದಿಲ್ಲ" ಅಂತಾರೆ. 2200ರ ರೂಮಿಗೆ 12 ಅಂದ್ರೆ 264, 5 ಅಂದ್ರೆ 110. ಆ 154 ರೂಪಾಯಿ ಯಾರ ಜೇಬಿಗೆ? ಬಿಲ್ ಕೊಡಿ, ಜಿಎಸ್‌ಟಿ ನಂಬರ್ ಹಾಕಿ ಕೊಡಿ ಅಂದ ತಕ್ಷಣ ಒಬ್ಬ ದನಿ ಇಳಿಸಿ "ಬಿಲ್ ಬೇಡ ಅಂದ್ರೆ ಟ್ಯಾಕ್ಸ್ ಬಿಡ್ತೀವಿ ಮೇಡಂ" ಅಂದ. ಇದೇನು ತರಕಾರಿ ಚೌಕಾಸಿನಾ?

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬರಿಸಿದ್ದು ಚೆಕ್-ಇನ್. ಬೆಂಗಳೂರಿಂದ ಹೋಗೋ ರಾತ್ರಿ ರೈಲು ಗೋಕರ್ಣ ರೋಡ್ ಸ್ಟೇಷನ್ನಿಗೆ ಬೆಳಗ್ಗೆನೇ ತಲುಪತ್ತೆ. ರಾತ್ರಿ ಬಸ್ಸುಗಳೂ ಅಷ್ಟೇ. ಬರೋ ಜನದಲ್ಲಿ ಎಷ್ಟೋ ಜನ ಬೆಳಗಿನ ಹೊತ್ತೇ ಬಂದಿಳಿಯೋದು ಅಂತ ಆ ಊರಿನ ಲಾಡ್ಜಿನೋರಿಗೆ ಗೊತ್ತಿಲ್ಲದೇ ಇರೋ ವಿಷಯನಾ? ಚೆಕ್-ಇನ್ ಟೈಮು ಮಾತ್ರ ಮಧ್ಯಾಹ್ನ ಒಂದು ಗಂಟೆ, ಚೆಕ್-ಔಟ್ ಬೆಳಗ್ಗೆ ಹತ್ತು. ಅಂದ್ರೆ ಒಂದು ದಿನದ ಬಾಡಿಗೆಗೆ 21 ಗಂಟೆ. ಬೆಳಗ್ಗೆನೇ ಬೇಕಾ, ಹಿಂದಿನ ದಿನದ್ದೂ ಪೂರ್ತಿ ಕಟ್ಟಿ. ಮೊದಲೆಲ್ಲ ಯಾತ್ರೆ ಊರಿನ ಲಾಡ್ಜುಗಳಲ್ಲಿ 24 ಗಂಟೆ ಲೆಕ್ಕ ಇರ್ತಿತ್ತು, ಬೆಳಗ್ಗೆ ಎಂಟಕ್ಕೆ ಬಂದ್ರೆ ನಾಳೆ ಎಂಟರ ತನಕ ನಿಮ್ದು. ಆ ಲೆಕ್ಕ ಎಲ್ಲಿ ಹೋಯ್ತು?

ನಾವು ಹೋಗ್ತಿರೋದು ಬರೀ ಬೀಚಿಗಲ್ಲ, ದೇವಸ್ಥಾನಕ್ಕೆ. ರಾತ್ರಿಯೆಲ್ಲ ರೈಲಲ್ಲಿ ಬಂದು ಸ್ನಾನ ಮಾಡದೇ ಅಮ್ಮ ಗುಡಿ ಹೊಸ್ತಿಲು ದಾಟ್ತಾಳಾ? ಅಪ್ಪ ಅಂಗಿ ತೆಗೆದು ಪಂಚೆ ಉಟ್ಕೊಂಡು ಒಳಗೆ ಹೋಗಬೇಕು, ಎಲ್ಲಿ ಬಟ್ಟೆ ಬದಲಾಯಿಸ್ಬೇಕು? ಒಂದು ಗಂಟೆಗೆ ರೂಮ್ ಕೊಟ್ರೆ, ಸ್ನಾನ ಮಾಡಿ ಹೊರಡೋ ಹೊತ್ತಿಗೆ ದೇವಸ್ಥಾನದ ಬಾಗಿಲು ಹಾಕಿರ್ತಾರೆ, ಮತ್ತೆ ಸಂಜೆನೇ. ಮೊದಲನೇ ದಿನ ಅರ್ಧ ಹೋಯ್ತು. ಅಲ್ಲೀ ತನಕ ಅವಳನ್ನ ಎಲ್ಲಿ ಕೂರಿಸ್ಲಿ ಅಂತ ಕೇಳಿದ್ದಕ್ಕೆ "ಬೀಚಲ್ಲಿ ಟೈಮ್‌ಪಾಸ್ ಮಾಡಿ ಬನ್ನಿ" ಅಂದ್ರು. 67 ವರ್ಷದೋಳು, ಮಂಡಿ ನೋವು, ಬಿಪಿ ಮಾತ್ರೆ, ಅರ್ಧ ಗಂಟೆಗೊಂದು ಸಲ ಬಾತ್‌ರೂಮಿಗೆ ಹೋಗಬೇಕು, ಬಿಸಿಲಲ್ಲಿ ಮರಳ ಮೇಲೆ ಲಗೇಜ್ ಕಾಯ್ತಾ ಟೈಮ್‌ಪಾಸ್ ಮಾಡಬೇಕಂತೆ.

ಆ 2200ರ ಲಾಡ್ಜು ಸಿಕ್ಕಾಗ ನನಗೆ ಎಷ್ಟು ಸಮಾಧಾನ ಆಗಿತ್ತು ಗೊತ್ತಾ. ರಥಬೀದಿಗೆ ಹತ್ತಿರ, ಕೆಳಗಡೆ ರೂಮು, ನಾಲ್ಕು ಜನಕ್ಕೆ ಒಂದೇ ರೂಮು, ಬೆಳಗ್ಗೆ ಎಂಟಕ್ಕೆ ಬಂದ್ರೆ ಕೊಡ್ತೀವಿ ಅಂದಿದ್ರು, ಇವನೇ ಅಂದಿದ್ದು. ಅಮ್ಮನಿಗೆ ಹೇಳಿದ ದಿನವೇ ಅವಳು ಬ್ಯಾಗ್ ತೆಗೆದು ಒರೆಸಿಟ್ಟಳು. ಪೂಜೆಗೆ ಅಂತ ನಮ್ಮ ತೋಟದ್ದೇ ಎರಡು ತೆಂಗಿನಕಾಯಿ ಊರಿಂದ ತರಿಸಿದಾಳೆ. ಅಂಗಡಿದು ಬೇಡ, ನಮ್ ಮರದ್ದೇ ಒಡೆಸ್ಬೇಕು ಅಂತ. ಆ ಕಾಯಿ ದೇವರ ಮುಂದೆ ಇದೆ, ದಿನಾ ದೀಪ ಹಚ್ಚುವಾಗ ನನ್ನ ಕಣ್ಣಿಗೆ ಬೀಳತ್ತೆ.

ಲಾಡ್ಜಿನೋರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಮಳೆಲಿ ಯಾರೂ ಬರಲ್ಲ, ಕರೆಂಟ್ ಬಿಲ್ಲು, ಆಳಿನ ಸಂಬಳ, ತೇವಕ್ಕೆ ಗೋಡೆ ಬಣ್ಣ ಎಲ್ಲ ಕೊಡಲೇಬೇಕು. ಇರೋ ನಾಲ್ಕೈದು ತಿಂಗಳಲ್ಲಿ ದುಡ್ಕೋಬೇಕು. ದುಡ್ಕೊಳ್ಳಿ. ರಜದ ದಿನಕ್ಕೆ ಐದೂವರೆ ಸಾವಿರ ಅಂತ ಡಿಸೆಂಬರ್‌ನಲ್ಲೇ ಹೇಳಿದ್ರೆ ನನಗಾಗಲ್ಲ ಅಂತ ಹೇಳಿ ನಾನು ಬೇರೆ ತಿಂಗಳಿಗೆ ಹಾಕ್ಕೋತಿದ್ದೆ, ಇಲ್ಲ ಗೋಕರ್ಣ ಬಿಟ್ಟು ಕುಮಟಾದಲ್ಲೋ ಅಂಕೋಲಾದಲ್ಲೋ ರೂಮ್ ಮಾಡ್ತಿದ್ದೆ, ಆಗಿನ್ನೂ ಅಲ್ಲಿ ಸಿಗ್ತಿತ್ತು. ಅಡ್ವಾನ್ಸ್ ಇಸ್ಕೊಂಡು ಒಂದೂವರೆ ತಿಂಗಳು ನನ್ನನ್ನ ಕೂರಿಸಿ, ಹತ್ತು ದಿನ ಇರೋವಾಗ ಬೇರೆಯೋರು ಜಾಸ್ತಿ ಕೊಡ್ತಾರೆ ಅಂತ ಕೈ ಬಿಡೋದು ಯಾವ ವ್ಯಾಪಾರ ರೀ? ನಾನು ಕೊನೇ ಗಳಿಗೆಲಿ ಕ್ಯಾನ್ಸಲ್ ಮಾಡಿದ್ರೆ ಆ ಸಾವಿರ ವಾಪಸ್ ಇಲ್ಲ ಅಂತ ಅವರೇ ಮೆಸೇಜಲ್ಲಿ ಹಾಕಿದ್ರು. ಅವರು ಮಾಡಿದ್ರೆ ಮಾತ್ರ ಏನೂ ಇಲ್ವಾ?

1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ, ಗ್ರಾಹಕರ ಸಹಾಯವಾಣಿ ಅದು. ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ವಿವರ ಎಲ್ಲ ಇಟ್ಕೊಂಡಿದೀನಿ. ನಿಮಗೂ ಹಿಂಗೇ ಆಗಿದ್ರೆ ಮೆಸೇಜ್ ಅಳಿಸ್ಬೇಡಿ, ಫೋನಲ್ಲಿ ಮಾತಾಡಿದ್ದನ್ನೂ ಆಮೇಲೆ ವಾಟ್ಸಾಪಲ್ಲಿ ಬರೆದು ಅವರ ಕೈಲಿ ಹೌದು ಅನ್ನಿಸ್ಕೊಳ್ಳಿ. ಸಾವಿರ ರೂಪಾಯಿ ಇನ್ನೂ ವಾಪಸ್ ಬಂದಿಲ್ಲ, ಇವತ್ತಿಗೆ ಮೂರು ದಿನ.

ಅಪ್ಪ ಅಂತಾರೆ "ಬಿಡಮ್ಮ, ಮುಂದಿನ ವರ್ಷ ನೋಡೋಣ" ಅಂತ. ಅಮ್ಮ ಏನೂ ಅನ್ನಲ್ಲ. ನಿನ್ನೆ ರಾತ್ರಿ ನಾನು ಇನ್ನೊಂದು ಲಾಡ್ಜಿಗೆ ಮಾತಾಡ್ತಿರೋದು ಕೇಳಿಸ್ಕೊಂಡು ಬಾಗಿಲ ಹತ್ರ ಬಂದು "ನಂಗೆ ಇಂಡಿಯನ್ ಬಾತ್‌ರೂಮ್ ಆದ್ರೂ ಆಗತ್ತೆ ಕಣೆ, ಹೆಂಗೋ ಸುಧಾರಿಸ್ಕೊತೀನಿ, ನೀನು ಯಾರ ಹತ್ರನೂ ಬೈಸ್ಕೋಬೇಡ" ಅಂದ್ಳು. ಆಮೇಲೆ ರಾತ್ರಿಯೆಲ್ಲ ನನಗೆ ನಿದ್ದೆ ಬರ್ಲಿಲ್ಲ.

ಗೋಕರ್ಣದಲ್ಲಿ ಪುರೋಹಿತರ ಮನೆಗಳಲ್ಲೇ ಯಾತ್ರಿಕರಿಗೆ ಉಳ್ಕೊಳ್ಳೋಕೆ ಜಾಗ ಕೊಡೋ ಪದ್ಧತಿ ಇತ್ತು, ಈಗಲೂ ಕೆಲವರು ಕೊಡ್ತಾರೆ ಅಂತ ಕೇಳಿದೀನಿ. ಯಾರಿಗಾದ್ರೂ ನಿಜವಾಗ್ಲೂ ಗೊತ್ತಿದ್ರೆ ಹೇಳಿ. 24 ಮತ್ತೆ 25, ನಾಲ್ಕು ಜನ. ಕೆಳಗಡೆ ರೂಮು, ಕೂತು ಏಳೋಕಾಗೋ ಥರ ಟಾಯ್ಲೆಟ್ಟು, ಬೆಳಗ್ಗೆ ಎಂಟಕ್ಕೆ ಬಾಗಿಲು ತೆಗೆಯೋರು. ದಿನಕ್ಕೆ ಮೂರು ಸಾವಿರದ ತನಕ ಕೊಡ್ತೀನಿ. ಮೆಟ್ಟಿಲಿದ್ರೆ ದಯವಿಟ್ಟು ಎಷ್ಟು ಮೆಟ್ಟಿಲು ಅಂತ ಈಗಲೇ ಹೇಳಿಬಿಡಿ.