ಉದ್ರಿ ಪುಸ್ತಕ ಮುಚ್ಚಿದ ಮೇಲೆ

ತೀರ್ಥಹಳ್ಳಿ ಪೇಟೆಯಲ್ಲಿ ಅಜ್ಜನ ಕಾಲದಿಂದ ನಮ್ಮ ಮನೆಗೆ ಸಾಮಾನು ಬರುತ್ತಿದ್ದ ಅಂಗಡಿಗೆ ಕಳೆದ ಸಲ ಹೋದಾಗ ಬೆಲ್ಲ, ತೊಗರಿಬೇಳೆ ಕಟ್ಟಿಸಿ, ರೂಢಿಯಂತೆ ‘ಮನೆ ಲೆಕ್ಕಕ್ಕೆ ಬರೆದುಕೊಳ್ಳಿ’ ಎಂದೆ. ‘ಪುಸ್ತಕ ಕೊರೊನಾದಲ್ಲೇ ನಿಲ್ಸಿದ್ವಿ ಮಾರಾಯ್ರೆ, ಸ್ಕ್ಯಾನ್ ಮಾಡಿ’ ಎಂದು ಅಂಗಡಿಯವರು ಗಲ್ಲಾದ ಮೇಲೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿದರು. ನನ್ನದು ಜರ್ಮನಿಯ ನಂಬರು. ವಿದೇಶಿ ನಂಬರುಗಳಿಗೂ ಯುಪಿಐ ತೆರೆಯಲು 2023ರ ಜನವರಿಯಲ್ಲಿ ಹೊರಟ 10 ದೇಶಗಳ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಐನೂರರ ನೋಟಿಗೆ ಚಿಲ್ಲರೆಯಿಲ್ಲವೆಂದರು. ತಮ್ಮ ಬಂದು ಹಣ ಹಾಕುವವರೆಗೆ ಚೀಲ ಹಿಡಿದುಕೊಂಡು ಪರವೂರಿನವನಂತೆ ನಿಂತಿದ್ದೆ.

ನಾನಿರುವ ಸ್ಟಟ್‌ಗಾರ್ಟ್‌ನಲ್ಲಿ ಆನ್‌ಲೈನಿನಲ್ಲಿ ಬೂಟು, ಕೋಟು ತರಿಸಿದರೆ ವಸ್ತು ಮೊದಲು ಮನೆಗೆ ಬರುತ್ತದೆ, ಹಣ ಕಟ್ಟಲು ಸಾಮಾನ್ಯವಾಗಿ 14 ಅಥವಾ 30 ದಿನಗಳ ವಾಯಿದೆ ಇರುತ್ತದೆ. 2020ರ ವಸಂತದಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿ ಜನ ಆನ್‌ಲೈನಿಗೆ ಮುಗಿಬಿದ್ದಾಗಲೂ ಈ ಪದ್ಧತಿ ಕದಲಲಿಲ್ಲ. ಕದಲಿದ್ದು ನಗದು. ಪಿನ್ ಒತ್ತದೆ ಕಾರ್ಡ್ ತಾಗಿಸಿ ಕೊಡಬಹುದಾದ ಮೊತ್ತವನ್ನು 25ರಿಂದ 50 ಯೂರೋಗೆ ಏರಿಸಿದರು. ಅಲ್ಲಿನ ಕೇಂದ್ರ ಬ್ಯಾಂಕಿನ ಸಮೀಕ್ಷೆಯಂತೆ 2017ರಲ್ಲಿ ನೂರಕ್ಕೆ 74ರಷ್ಟಿದ್ದ ನಗದು ಪಾವತಿ 2021ರಲ್ಲಿ 58ಕ್ಕೆ ಇಳಿಯಿತು. ಇಳಿದರೂ ಅರ್ಧಕ್ಕಿಂತ ಹೆಚ್ಚು ಉಳಿದೇ ಇತ್ತು, ಚಿಲ್ಲರೆಯೂ ಸಿಗುತ್ತಿತ್ತು.

ನಮ್ಮಲ್ಲಿ ವೇಗವೇ ಬೇರೆ. 2020ರ ಮಾರ್ಚಿನಲ್ಲಿ ಸುಮಾರು 125 ಕೋಟಿಯಿದ್ದ ಯುಪಿಐ ವಹಿವಾಟುಗಳ ಸಂಖ್ಯೆ ಲಾಕ್‌ಡೌನಿನ ಏಪ್ರಿಲ್‌ನಲ್ಲಿ 100 ಕೋಟಿಯ ಆಸುಪಾಸಿಗೆ ಕುಸಿದು, ಅಕ್ಟೋಬರಿನಲ್ಲಿ 200 ಕೋಟಿ ದಾಟಿತು. ಆ ವರ್ಷದ ಜನವರಿಯಿಂದಲೇ ವ್ಯಾಪಾರಿಗಳ ಮೇಲಿನ ಶುಲ್ಕ ತೆಗೆದಿದ್ದರಿಂದ ಸಣ್ಣ ಅಂಗಡಿಯವರಿಗೂ ತಡೆಯಿರಲಿಲ್ಲ. ದೊಡ್ಡ ಆನ್‌ಲೈನ್ ಕಂಪನಿಗಳು ಆಗ ಅಗತ್ಯ ವಸ್ತು ಬಿಟ್ಟು ಬೇರೇನನ್ನೂ ಕಳಿಸುವಂತಿರಲಿಲ್ಲ. ಕಳಿಸಿದರೂ ನಮ್ಮ ಒಂಟಿಮನೆಗಳವರೆಗೆ ಬರುವವರು ಯಾರು? ಪೇಟೆಯ ಅಂಗಡಿಯೇ ವಾಟ್ಸಾಪಿನಲ್ಲಿ ಚೀಟಿ ತರಿಸಿಕೊಂಡು, ಹಾಲಿನ ಗಾಡಿಗೆ ಸಾಮಾನು ಹಾಕಿ ಕಳಿಸಿತು, ಜೊತೆಗೆ ತನ್ನ ಕ್ಯೂಆರ್ ಕೋಡಿನ ಫೋಟೋವನ್ನೂ. ಹಣ ಬಿದ್ದ ಮೇಲೆಯೇ ಗಾಡಿ ಹೊರಡುವ ಅಭ್ಯಾಸ ಹೀಗೆ ಶುರುವಾಗಿ, ರೋಗ ಹೋದ ಮೇಲೂ ಉಳಿಯಿತು.

ಆ ಪುಸ್ತಕ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ: ಕೆಂಪು ರಟ್ಟು, ಪುಟದ ತಲೆಯಲ್ಲಿ ಊರು, ಅದರ ಕೆಳಗೆ ಮನೆಯ ಹೆಸರು, ಮಳೆಗಾಲದುದ್ದಕ್ಕೂ ಬೆಳೆಯುವ ಬಾಕಿ, ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಇಡೀ ಪುಟಕ್ಕೆ ಅಡ್ಡಲಾಗಿ ಎಳೆದ ಗೀಟು. ‘ಮೊದಲು ವಸ್ತು, ಆಮೇಲೆ ದುಡ್ಡು’ ಎಂಬ ವ್ಯವಹಾರವನ್ನು ಜರ್ಮನರು ಗುರುತು ಪರಿಚಯವಿಲ್ಲದವರೊಡನೆ ಉಳಿಸಿಕೊಂಡರು, ನಾವು ಮೂರು ತಲೆಮಾರು ಬಲ್ಲವರೊಡನೆಯೇ ಕೈಬಿಟ್ಟೆವು. 2025ರ ಜುಲೈನಲ್ಲಿ ತೆರಿಗೆ ನೋಟಿಸಿಗೆ ಹೆದರಿ ಬೆಂಗಳೂರಿನ ಕೆಲವು ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದರಂತೆ. ಉದ್ರಿಗೆ ಮರಳಿದವರ ಸುದ್ದಿಯನ್ನು ಮಾತ್ರ ನಾನು ಕೇಳಲಿಲ್ಲ.

ಜರ್ಮನಿಯ ನಂಬಿಕೆಯೂ ಬರಿಗೈಯದಲ್ಲ, ಒಪ್ಪುತ್ತೇನೆ. 1927ರಿಂದ ಜನರ ಸಾಲದ ಲೆಕ್ಕ ಇಟ್ಟಿರುವ ಷುಫಾ ಎಂಬ ಸಂಸ್ಥೆ ಅದರ ಹಿಂದಿದೆ, ವಾಯಿದೆ ತಪ್ಪಿದರೆ ವಸೂಲಿಯವರ ಪತ್ರ ಬರುತ್ತದೆ. ನಮ್ಮ ಅಂಗಡಿಯವರ ಪುಸ್ತಕದಲ್ಲಿ ಎಷ್ಟೋ ಪುಟಗಳಿಗೆ ಗೀಟು ಬೀಳಲೇ ಇಲ್ಲವೆಂದು ತಮ್ಮ ಆಮೇಲೆ ಹೇಳಿದ. ಹೇಳಲು ಮನಸ್ಸಿಲ್ಲದ ಇನ್ನೊಂದು ಮಾತೂ ಇದೆ: ಪುಟವಿದ್ದದ್ದು ತೋಟವಿದ್ದ ಮನೆಗಳಿಗೆ. ನಮ್ಮಲ್ಲಿ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು ಅದೇ ಅಂಗಡಿಯಲ್ಲಿ ಮೊದಲು ದುಡ್ಡು ಇಟ್ಟು, ಆಮೇಲೆ ಕಾಲು ಕೆ.ಜಿ. ಸಕ್ಕರೆ ಕೇಳುತ್ತಿದ್ದರು. ಅವರಿಗೆ ಕೊರೊನಾಕ್ಕಿಂತ ಮುಂಚೆಯೂ ನಿಯಮ ಇದೇ ಆಗಿತ್ತು.